ನ್ಯೂಯಾರ್ಕಿನಿಂದ ಓದಿದ ಒಂದು ಕಾಗದ

ರೇಡಿಯೊದಲ್ಲಿ ಕಾಗದ ಓದುವುದರಲ್ಲಿ ನನಗೆ ಸರಿಸಾಟಿಯಿಲ್ಲ ಎಂಬ ಜಂಭ ನನಗೆ ಬಹಳ ವರ್ಷ ಇತ್ತು. ಮದುವೆಗೆ ಮುಂಚೆ ನಾಲ್ಕು ವರ್ಷ ಧಾರವಾಡದ ರೇಡಿಯೊ ನಿಲಯದಲ್ಲಿ ಉದ್ಘೋಷಕಿಯಾಗಿದ್ದೆ. ಕಾಯಂ ನೌಕರಿಯೇನಲ್ಲ, ತಿಂಗಳಿಗೆ ಆರು ದಿನದ ಡ್ಯೂಟಿ. ಆ ಆರರಲ್ಲೂ ನಾನು ಹಟ ಮಾಡಿ ಕೇಳಿ ಪಡೆಯುತ್ತಿದ್ದದ್ದು ಕೇಳುಗರ ಪತ್ರಗಳ ಕಾರ್ಯಕ್ರಮ. ಬೇರೆಯವರು ಊರು, ಹೆಸರು ಗಡಗಡ ಓದಿ ಹಾಡು ಹಾಕಿಬಿಡುತ್ತಿದ್ದರು. ನಾನು ಹಾಗಲ್ಲ. ಬರೆದವರು ಹೊಲಿಗೆ ಯಂತ್ರದ ಪಕ್ಕ ರೇಡಿಯೊ ಇಟ್ಟುಕೊಂಡು ಕೇಳುತ್ತಾರೆ, ಅವರ ಅತ್ತೆಗೆ ಈಗಷ್ಟೇ ಕಣ್ಣಿನ ಆಪರೇಷನ್ ಆಗಿದೆ, ಮನೆಯ ಎಮ್ಮೆ ಮೊನ್ನೆ ಈದಿದೆ, ಇಂಥದ್ದನ್ನೆಲ್ಲ ಹುಡುಕಿ ಹೆಕ್ಕಿ ಓದುತ್ತಿದ್ದೆ. ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ, ಅದಕ್ಕೆ ಮುಂಚೆ ಎರಡು ಓರೆ ಗೀಟು. ಓರೆ ಗೀಟು ಎಂದರೆ, ಇಲ್ಲಿ ಒಂದು ಕ್ಷಣ ತಡೆದು, ಮುಂದಿನದನ್ನು ನಿಧಾನವಾಗಿ ಓದಬೇಕು ಎಂದು ಗುರುತು. ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು, "ಹೆಸರು ಮರತ್ರ ಮರೀಲಿ ಬಿಡವಾ, ಮನಷ್ಯಾ ಕಣ್ಣಿಗೆ ಕಟ್ಟಬೇಕು." ಅದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ.

ಮದುವೆಯಾಗಿ ನ್ಯೂಜೆರ್ಸಿಗೆ ಬಂದ ಮೇಲೆ ಓದಲು ಕಾಗದವೂ ಇಲ್ಲ, ಕೇಳಲು ಜನವೂ ಇಲ್ಲ. ಗಂಡ ದಿನಾ ಬೆಳಿಗ್ಗೆ ನಾವಿರುವ ಮೆಟುಚೆನ್‌ನಿಂದ ಪಾರ್ಸಿಪನಿಯ ಆಫೀಸಿಗೆ ಕಮ್ಯೂಟ್ ಮಾಡುವವರು. ಮಗಳು ಎರಡು ವರ್ಷದ ಹಿಂದೆ ಕಾಲೇಜಿಗೆಂದು ಬೇರೆ ಊರಿಗೆ ಹೋದಳು. ಮನೆ ಬಿಕೋ ಎನ್ನತೊಡಗಿತು. ಹತ್ತಿರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕೆ ವಾಲಂಟಿಯರ್ ಬೇಕೆಂದು ಕೇಳಿ ಹೋದೆ. ಅಲ್ಲಿದ್ದ ಹುಡುಗಿ, ಗ್ರಾಮೊಫೋನ್ ಡಿಸ್ಕ್ ಹಿಡಿಯಲು ಬರುತ್ತದೆಯೇ ಎಂದು ಕೇಳಿದಳು. ಹಿಡಿಯಲು ಬರುತ್ತದೆಯೇ! ಅವಳು ಹುಟ್ಟುವ ಮುಂಚೆ ನಾನು ಕತ್ತಲಲ್ಲಿ ಬೆರಳಿನಲ್ಲಿ ತಡವಿ ಹಾಡಿನ ಗೆರೆ ಹುಡುಕುತ್ತಿದ್ದೆ. ಹೇಳಲಿಲ್ಲ, ಸುಮ್ಮನೆ ಒಂದನ್ನು ತೆಗೆದು ಅಂಚನ್ನು ಅಂಗೈಗಳ ನಡುವೆ ಹಿಡಿದು ತೋರಿಸಿದೆ.

ಅವು ಊಟದ ತಟ್ಟೆಗಿಂತ ದೊಡ್ಡ ಕಪ್ಪು ಡಿಸ್ಕುಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ನ್ಯೂಯಾರ್ಕಿನ ಒಂದು ಸ್ಟುಡಿಯೊದಿಂದ, ಜರ್ಮನ್ ಸೈನ್ಯ ಆಕ್ರಮಿಸಿಕೊಂಡ ದೇಶಗಳ ಜನರಿಗೆ ಅವರವರ ಭಾಷೆಯಲ್ಲೇ ಸುದ್ದಿ ಓದುತ್ತಿದ್ದರಂತೆ. ಆ ದೇಶಗಳಲ್ಲಿ ಅದನ್ನು ಕೇಳುವುದು ಅಪರಾಧ. ಸಿಕ್ಕಿಬಿದ್ದವರನ್ನು ಎಳೆದೊಯ್ಯುತ್ತಿದ್ದರು. ನನ್ನ ಪಾಲಿಗೆ ಬಂದ ಪೆಟ್ಟಿಗೆಯ ಮೇಲೆ 'ನಾರ್ವೇಜಿಯನ್' ಎಂದು ಮಾತ್ರ ಬರೆದಿತ್ತು. ಕೆಲವು ಕವರುಗಳೊಳಗೆ ಅಂದು ಓದಿದ ಟೈಪು ಮಾಡಿದ ಹಾಳೆಗಳು ಮಡಚಿಟ್ಟಲ್ಲೇ ಇದ್ದವು. ಡಿಸ್ಕನ್ನು ಇಳಿಸಿ, ಹಾಳೆಯನ್ನು ಸ್ಕ್ಯಾನ್ ಮಾಡಿ, ಒಳಗೆ ಏನಿದೆ ಎಂದು ಮೂರು ಸಾಲು ಬರೆಯಬೇಕು. ಇಳಿಸುವುದೇನೋ ಇಳಿಸಿದೆ. ಮೂರು ಸಾಲು ಬರೆಯಲು ಭಾಷೆ ಬರಬೇಕಲ್ಲ.

ಆಗ ನೆನಪಾದವರು ಪಕ್ಕದ ಮನೆಯ ಆಂಟಿ. ತೊಂಬತ್ತೊಂದು ವರ್ಷ, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಹುಟ್ಟಿದ್ದು ನಾರ್ವೆಯ ಕರಾವಳಿಯ ಒಂದು ಸಣ್ಣ ಊರಿನಲ್ಲಿ. ಅಷ್ಟು ಹಿರಿಯರನ್ನು ಅಮೆರಿಕದ ರೀತಿಯಲ್ಲಿ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳಲಿಲ್ಲ. ಆಂಟಿ ಎಂದೆ, ಅವರಿಗೂ ಹಿಡಿಸಿತು. ಲೈಬ್ರರಿಯವರ ಒಪ್ಪಿಗೆ ಪಡೆದು ಪ್ರತಿ ಗುರುವಾರ ಬೆಳಿಗ್ಗೆ ಹತ್ತಕ್ಕೆ ಲ್ಯಾಪ್‌ಟಾಪ್ ಹಿಡಿದು ಅವರ ಅಡುಗೆಮನೆಗೆ ಹೋಗುತ್ತಿದ್ದೆ. ಅವರು ಕಪ್ಪು ಕಾಫಿ ಕುಡಿಯುತ್ತ ಕೇಳಿ ಇಂಗ್ಲಿಷಿನಲ್ಲಿ ಹೇಳುವುದು, ನಾನು ಟೈಪ್ ಮಾಡುವುದು. ಅವರ ಮಾತೆಲ್ಲ ನನ್ನ ತಲೆಯಲ್ಲಿ ಕನ್ನಡದಲ್ಲೇ ಉಳಿದಿದೆ, ಹಾಗೇ ಬರೆಯುತ್ತೇನೆ.

ನಾಲ್ಕಾರು ವಾರಗಳಲ್ಲಿ, ಡಿಸ್ಕಿನ ನಡುನಡುವೆ, ಅವರ ಮನೆಯ ಕತೆಯೂ ಹೊರಬಂತು. ಅವರ ಅಪ್ಪ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದವರು. ಮನೆಯ ನೆಲಮಾಳಿಗೆಯಲ್ಲಿ ಆಲೂಗಡ್ಡೆ ರಾಶಿಯ ಹಿಂದೆ ಒಂದು ರೇಡಿಯೊ ಬಚ್ಚಿಟ್ಟಿದ್ದರು. ಸದ್ದು ಹೊರಬೀಳಬಾರದೆಂದು ಹೆಡ್‌ಫೋನಿನಲ್ಲಿ ಮಾತ್ರ ಕೇಳುವುದು. ಅದೂ ಒಂದೇ. ಹಾಗಾಗಿ ಒಬ್ಬರೇ ಕೇಳಬೇಕು. ಆ ಕೆಲಸ ಅಕ್ಕನದು. ಆಂಟಿಗಿಂತ ಏಳು ವರ್ಷ ದೊಡ್ಡವಳು, ಚುರುಕು. ಕೇಳಿದ್ದನ್ನು ಚೀಟಿಯಲ್ಲಿ ಗೀಚಿಕೊಂಡು ಮೇಲೆ ಬಂದು ಮನೆಯವರಿಗೆ ಹೇಳುತ್ತಿದ್ದಳು. ಎಂಟು ವರ್ಷದ ತಂಗಿಗೆ ಹೆಡ್‌ಫೋನ್ ಮುಟ್ಟಲೂ ಬಿಡುತ್ತಿರಲಿಲ್ಲ.

ಒಂದು ಸಂಜೆ ಅಕ್ಕ ಮೇಲೆ ಬಂದವಳು ಸುದ್ದಿ ಹೇಳಲಿಲ್ಲ. ಅಪ್ಪನನ್ನು ಪಕ್ಕಕ್ಕೆ ಕರೆದು, ರೇಡಿಯೊವನ್ನು ಈಗಲೇ ಸಮುದ್ರಕ್ಕೆ ಎಸೆದುಬಿಡು ಎಂದಳು. ಅಪ್ಪ ಮರುಮಾತಾಡದೆ ದೋಣಿಯಲ್ಲಿ ಒಯ್ದು ಎಸೆದು ಬಂದರು. ಎರಡು ದಿನ ಬಿಟ್ಟು ಜರ್ಮನ್ ಸೈನಿಕರು ಬಂದರು. ಮನೆಯಲ್ಲಿ ಏನೂ ಸಿಗಲಿಲ್ಲ. ಆದರೂ ಅಪ್ಪನನ್ನು ಹಿಡಿದೊಯ್ದರು, ಅವರು ತಿರುಗಿ ಬರಲಿಲ್ಲ.

"ಬಾಗಿಲಲ್ಲಿ ನಿಂತು ಅವರು ಅಪ್ಪನ ಹೆಸರು ಕೇಳಲಿಲ್ಲ" ಎಂದು ಆಂಟಿ ಹೇಳಿದ್ದರು. "ಬಲಗೈ ತೋರಿಸು ಅಂದರು. ಕೈ ಕುಲುಕೋದಕ್ಕೆ ಬಂದಿದ್ದಾರೆ ಅಂದುಕೊಂಡೆ ನಾನು."

ಮನೆಯಲ್ಲಿ ರೇಡಿಯೊ ಇದ್ದದ್ದು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಸೈನಿಕರ ಶಿಬಿರಕ್ಕೆ ಬಟ್ಟೆ ಒಗೆಯಲು ಹೋಗುತ್ತಿದ್ದಳು. ಅವರು ಬರುತ್ತಾರೆ ಎಂದು ಎರಡು ದಿನ ಮೊದಲೇ ಅವಳಿಗೆ ತಿಳಿದಿತ್ತು. ಹೇಗೆ ತಿಳಿಯಿತು ಎಂದು ಅಮ್ಮ ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಅಮ್ಮ ಲೆಕ್ಕ ಹಾಕಿದಳು, ಊರೂ ಹಾಕಿತು: ಬಾಯಿ ಜಾರಿಯೋ ಬೇಕೆಂತಲೋ ಅಪ್ಪನನ್ನು ಹಿಡಿದುಕೊಟ್ಟವಳು ಇವಳೇ. ಯುದ್ಧ ಮುಗಿದ ಕೂಡಲೇ ಅವಳನ್ನು ಬ್ರೂಕ್ಲಿನ್‌ನಲ್ಲಿದ್ದ ಒಬ್ಬ ಸಂಬಂಧಿಕರ ಮನೆಗೆ ಸಾಗಹಾಕಿದರು. ಮುಂದೆ ಆಂಟಿಯೂ ಮದುವೆಯಾಗಿ ನ್ಯೂಜೆರ್ಸಿಗೇ ಬಂದರು. ಅಕ್ಕ ಈಗ ಲಾಂಗ್ ಐಲೆಂಡಿನ ಜೆರಿಕೋದಲ್ಲಿ, ವೃದ್ಧರ ನಿವಾಸವೊಂದರಲ್ಲಿದ್ದಾರೆ. ಮೆಟುಚೆನ್‌ನಿಂದ ಜೆರಿಕೋಗೆ ಕಾರಿನಲ್ಲಿ ಒಂದೂವರೆ ಗಂಟೆ. ಇಷ್ಟು ವರ್ಷಗಳಲ್ಲಿ ಆಂಟಿ ಒಂದು ಸಲವೂ ಹೋಗಿರಲಿಲ್ಲ. "ನಮ್ಮಪ್ಪನ್ನ ಕೊಂದವಳು" ಎಂದು ಅವರು ಅನ್ನುವಾಗ ದನಿ ಏರುತ್ತಲೂ ಇರಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳುತ್ತಿದ್ದರು. ನನಗೆ ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಗುರುವಾರ. ಡಿಸ್ಕಿನಲ್ಲಿ ಮೊದಲು ಸುದ್ದಿ ಬಂತು, ಆಮೇಲೆ ಸ್ವಲ್ಪ ಸಂಗೀತ. ಅದಾದ ಮೇಲೆ ಓದುವವನ ದನಿ ಬದಲಾಯಿತು. ಒಂದಕ್ಷರ ತಿಳಿಯದಿದ್ದರೂ ನನಗೆ ಗೊತ್ತಾಗಿಹೋಯಿತು. ಸುದ್ದಿ ಓದುವ ದನಿ ಬೇರೆ, ಕಾಗದ ಓದುವ ದನಿಯೇ ಬೇರೆ. ಕಾಗದ ಓದುವಾಗ ತುಟಿಯಲ್ಲಿ ಒಂದು ನಗು ಕೂತಿರುತ್ತದೆ, ಅದು ಮೈಕಿನಲ್ಲಿ ಕೇಳಿಸುತ್ತದೆ.

"ಆಂಟಿ, ಇದು ಲೆಟರ್! ಲಿಸನರ್ ಲೆಟರ್ ಓದ್ತಿದ್ದಾನೆ!" ಎಂದು ಕುಣಿದಾಡಿ ವಾಲ್ಯೂಮ್ ಏರಿಸಿದೆ. ಎಂಥ ಸಂತೋಷ ನನಗೆ! ಎಂಬತ್ತು ವರ್ಷದ ಹಿಂದಿನ ನನ್ನ ಜಾತಿಯವನೊಬ್ಬ ಸಿಕ್ಕ ಹಾಗಾಯಿತು.

ಆಂಟಿ ಕೇಳಿಸಿಕೊಂಡು ಒಂದೊಂದೇ ಸಾಲು ಹೇಳುತ್ತ ಬಂದರು. ಆಕ್ರಮಿತ ನಾರ್ವೆಯಿಂದ, ಯಾವುದೋ ದೋಣಿ ಹತ್ತಿ, ಸಮುದ್ರ ದಾಟಿ ಒಂದು ಮಗುವಿನ ಕಾಗದ ಬಂದಿದೆಯಂತೆ. ಮಗುವಿನ ಸುರಕ್ಷತೆಗಾಗಿ ಹೆಸರು, ಊರು ಹೇಳುವುದಿಲ್ಲವಂತೆ.

"ನನಗೆ ಎಂಟು ವರ್ಷ. ನನಗೆ ನಿಮ್ಮ ದನಿ ಕೇಳಲು ಬಿಡುವುದಿಲ್ಲ. ನಿಮ್ಮ ದನಿ ಚೆನ್ನಾಗಿದೆ ಎಂದು ನನ್ನ ಅಕ್ಕ ಹೇಳಿದ್ದಾಳೆ."

ಆಂಟಿ ಅಲ್ಲಿಗೆ ನಿಲ್ಲಿಸಿದರು. ಕಾಫಿ ಕಪ್ಪನ್ನು ಕೆಳಗಿಟ್ಟರು. ಅವರ ಮುಖ ಅರಳಿತು. ನಿಜಕ್ಕೂ ಅರಳಿತು, ನಾನು ಕಣ್ಣಾರೆ ಕಂಡೆ. "ಇದು ನನ್ನದು" ಎಂದರು. "ಇದು ನಾನು ಬರೆದದ್ದು! ಮೀನಿನ ದೋಣಿಯ ಮಾಮನ ಕೈಯಲ್ಲಿ ಕೊಟ್ಟಿದ್ದೆ. ಎಲ್ಲೋ ಹೋಯಿತು ಅಂದುಕೊಂಡು ಮರೆತೇಬಿಟ್ಟಿದ್ದೆ. ತಲುಪಿದೆ! ನೋಡು, ತಲುಪಿದೆ!" ತೊಂಬತ್ತೊಂದರ ಆ ಹೆಂಗಸು ಮೇಜಿನ ಮೇಲೆ ಕೈ ಬಡಿದು ನಕ್ಕರು. ನಾನೂ ನಕ್ಕೆ.

ದನಿ ಮುಂದುವರಿಯುತ್ತಿತ್ತು. ಆಂಟಿ ನಗುತ್ತಲೇ ಅದರ ಹಿಂದೆ ಹೇಳುತ್ತ ಹೋದರು. "ನನ್ನ ಅಪ್ಪ ಜನರನ್ನು ನೀರು ದಾಟಿಸುತ್ತಾರೆ. ಭಾನುವಾರ ಚರ್ಚಿನ ಗಂಟೆ ಬಾರಿಸುವವರೂ ಅವರೇ." ಅಲ್ಲಿ ಓದುವವನು ಒಂದು ಕ್ಷಣ ತಡೆದ. ಆಮೇಲೆ ನಿಧಾನವಾಗಿ, ಒಂದೊಂದೇ ಶಬ್ದ ತೂಗಿ ಓದಿದ. "ಅಪ್ಪನ ಬಲಗೈಯಲ್ಲಿ ಮೂರೇ ಬೆರಳು. ಎರಡನ್ನು ಹಗ್ಗ ತಿಂದುಹಾಕಿತು. ಆದರೂ ಐದು ಬೆರಳಿನವರಿಗಿಂತ ಚೆನ್ನಾಗಿ ಗಂಟೆ ಬಾರಿಸುತ್ತಾರೆ. ಈಗೀಗ ಅವರಿಗೆ ಬಹಳ ಬೇಜಾರು. ದಯವಿಟ್ಟು ಅವರಿಗೊಂದು ನಮಸ್ಕಾರ ಹೇಳಿ." ಮತ್ತೆ ಅವನು ತನ್ನದೇ ಮಾತಿನಲ್ಲಿ, ತುಂಬು ದನಿಯಲ್ಲಿ, ನ್ಯೂಯಾರ್ಕಿನಿಂದ ಆ ಮೂರು ಬೆರಳಿನ ದೊಡ್ಡ ಮನುಷ್ಯರಿಗೆ ನಮಸ್ಕಾರ ಎಂದ.

ಆ ಗಳಿಗೆಯಲ್ಲಿ ನನಗೆ ಮೊದಲು ಅನ್ನಿಸಿದ್ದೇನು ಎಂದು ಬರೆಯಲು ನಾಚಿಕೆಯಾಗುತ್ತದೆ. ಎಷ್ಟು ಚೆನ್ನಾಗಿ ಓದಿದ, ಎಂದು ಅನ್ನಿಸಿತು.

ಆಮೇಲೆ ಆಂಟಿಯ ಮುಖ ನೋಡಿದೆ. ನಗು ತುಟಿಯ ಮೇಲೆ ಹಾಗೇ ಇತ್ತು, ಕಣ್ಣಿಗೆ ಮಾತ್ರ ಎಲ್ಲ ತಿಳಿದುಹೋಗಿತ್ತು. ಮೆಲ್ಲಗೆ ತಮ್ಮ ಬಲಗೈಯನ್ನೇ ಎತ್ತಿ ನೋಡಿಕೊಂಡರು. "ಬಲಗೈ ತೋರಿಸು ಅಂದರು" ಎಂದರು. ಇನ್ನೊಂದು ಸಲ ಅದನ್ನೇ ಅಂದರು. ಲ್ಯಾಪ್‌ಟಾಪ್ ನಿಲ್ಲಿಸುವುದೂ ನನಗೆ ನೆನಪಾಗಲಿಲ್ಲ. ಅದರಷ್ಟಕ್ಕೆ ಅದು ಸಂಗೀತ ನುಡಿಸುತ್ತಿತ್ತು.

ರೇಡಿಯೊ ಕೇಳುವುದು ಊರವರಷ್ಟೇ ಅಲ್ಲ, ಹಿಡಿಯಲು ಕೂತವರೂ ಕೇಳುತ್ತಾರೆ. ಇಷ್ಟು ಸಣ್ಣ ವಿಷಯ ಆ ಸ್ಟುಡಿಯೊದಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ ಎಂದು ನನಗೆ ಮೈ ಉರಿದುಹೋಯಿತು. ಆ ಡಿಸ್ಕಿನ ಕವರಿನಲ್ಲಿದ್ದ ಹಾಳೆಯನ್ನು ನಾನೇ ಸ್ಕ್ಯಾನ್ ಮಾಡಿದ್ದೆ. ತೆರೆದು ನೋಡಿದೆ, ಹೊಡೆದುಹಾಕಿದ ಶಬ್ದಗಳನ್ನು ಆಂಟಿ ಓದಿ ಹೇಳಿದರು. ಹೊಳೆದಿತ್ತು. ಕಾಗದದಲ್ಲಿದ್ದ ಹೆಸರನ್ನು ನೀಲಿ ಪೆನ್ಸಿಲಿನಿಂದ ಅಚ್ಚುಕಟ್ಟಾಗಿ ಹೊಡೆದುಹಾಕಿದ್ದರು. ಊರನ್ನು ಹೊಡೆದುಹಾಕಿದ್ದರು. ದೋಣಿಯ ಮಾಮನ ವಿಷಯವನ್ನು ಪೂರ್ತಿ ಹೊಡೆದುಹಾಕಿದ್ದರು. ಎಲ್ಲ ಎಚ್ಚರಿಕೆಯನ್ನೂ ತೆಗೆದುಕೊಂಡು, ಮೂರು ಬೆರಳಿನ ಸಾಲಿನ ಕೆಳಗೆ ಮಾತ್ರ ಒಂದು ಗೆರೆ ಎಳೆದಿದ್ದರು. ಅದಕ್ಕೆ ಮುಂಚೆ ಎರಡು ಓರೆ ಗೀಟು.

ನನ್ನದೇ ಕೈ ಎಳೆದ ಹಾಗಿತ್ತು. ಆ ಕಾಗದ ನನ್ನ ಮೇಜಿಗೆ ಬಂದಿದ್ದರೆ ನಾನೂ ಅದೇ ಸಾಲಿಗೆ ಗೀಟು ಹಾಕುತ್ತಿದ್ದೆ. ಹೆಸರು ಬಿಟ್ಟು ಮನುಷ್ಯನನ್ನು ಕಣ್ಣಿಗೆ ಕಟ್ಟುವಂತೆ ಓದುತ್ತಿದ್ದೆ. ಕಂಡಿತಲ್ಲ, ಯಾರಿಗೆ ಕಾಣಬಾರದೋ ಅವರಿಗೇ ಕಂಡಿತು. ಆ ಕರಾವಳಿಯಲ್ಲಿ ದೋಣಿ ನಡೆಸುವ, ಗಂಟೆ ಬಾರಿಸುವ, ಮೂರು ಬೆರಳಿನ ಮನುಷ್ಯ ಎಷ್ಟು ಜನ ಇರುತ್ತಾರೆ?

ಆಂಟಿ ಪರದೆಯಿಂದ ಕಣ್ಣು ತೆಗೆದರು. "ಹೆಡ್‌ಫೋನ್ ಅಕ್ಕನ ಕಿವಿಯಲ್ಲಿತ್ತು" ಎಂದರು. "ಇದನ್ನು ಕೇಳಿದವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ. ಅದಕ್ಕೇ ರೇಡಿಯೊ ಎಸಿ ಅಂದಳು. ಅದಕ್ಕೇ ಹೇಗೆ ಗೊತ್ತಾಯ್ತು ಅಂತ ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ನನ್ನ ಹೆಸರು ಬರುತ್ತಿತ್ತು."

ಮಧ್ಯಾಹ್ನ ಮನೆಗೆ ಬಂದು ಗಂಡನಿಗೆ ಫೋನ್ ಮಾಡಿದೆ. ಅಳು, ಮಾತು ಎರಡೂ ಒಟ್ಟಿಗೆ ಬರುತ್ತಿದ್ದವು. ಅವರು ಆಫೀಸಿನ ಪಾರ್ಕಿಂಗ್ ಲಾಟಿಗೆ ಬಂದು ನಿಂತು ಪೂರ್ತಿ ಕೇಳಿಸಿಕೊಂಡರು.

"ನಾಳೆ ಅವರನ್ನ ಜೆರಿಕೋಕ್ಕ ಕರಕೊಂಡು ಹೊಂಟೇನ್ರೀ" ಎಂದೆ. "ಅಕ್ಕಗ ತೊಂಬತ್ತೆಂಟು. ಇನ್ನ ಯಾವಾಗ ಹೋಗೂದು?"

"ಅವರು ಹೋಗ್ತೀನಿ ಅಂದ್ರೇನು?"

"ಇನ್ನೂ ಅಂದಿಲ್ಲ."

"ಹಂಗಾದ್ರ ನೀ ಸ್ವಲ್ಪ ತಡಕೋ. ಕೇಳಿಸಿದ್ದು ಸಾಕು. ಎಲ್ಲಾದಕ್ಕೂ ನೀನ ಮುಂದ ಬೀಳಬ್ಯಾಡ."

ಅವರ ಮಾತು ನನಗೆ ಸಿಟ್ಟು ತಂದಿತು. ಒಂದು ಹೆಣ್ಣು ಮಾಡದ ತಪ್ಪನ್ನು ಎಂಬತ್ತು ವರ್ಷ ಹೊತ್ತಿದ್ದಾಳೆ, ಇವರು ತಡಕೋ ಅನ್ನುತ್ತಾರಲ್ಲ! ಸಂಜೆಯೇ ಆಂಟಿಯ ಮನೆಗೆ ಹೋಗಿ ಒತ್ತಾಯಿಸಿದೆ. ಅವಳು ನನ್ನನ್ನು ಒಳಗೆ ಬಿಡದಿದ್ದರೆ ಎಂದು ಅವರು ಹಿಂದೆಮುಂದೆ ನೋಡಿದರು. ಬಿಟ್ಟೇ ಬಿಡುತ್ತಾರೆ, ನೀವು ಸುಮ್ಮನೆ ಕ್ಷಮಿಸು ಅನ್ನಿ, ಉಳಿದದ್ದು ತಾನಾಗಿ ಆಗುತ್ತದೆ ಎಂದು ನಾನೇ ಧೈರ್ಯ ತುಂಬಿದೆ. ಡ್ರೈವ್ ಮಾಡಲು ನಾನಿದ್ದೇನಲ್ಲ ಎಂದೆ.

ಶುಕ್ರವಾರ ಬೆಳಿಗ್ಗೆ ಹೊರಟೆವು. ಸ್ಟೇಟನ್ ಐಲೆಂಡ್ ದಾಟಿ ಬ್ರೂಕ್ಲಿನ್‌ಗೆ ಇಳಿದಾಗ, ಅಕ್ಕನನ್ನು ಕಳಿಸಿದ್ದು ಇಲ್ಲಿಗೇ ಎಂದು ಆಂಟಿ ಕಿಟಕಿಯತ್ತ ನೋಡಿ ಹೇಳಿದರು. ಬೆಲ್ಟ್ ಪಾರ್ಕ್‌ವೇಯಲ್ಲಿ ಟ್ರಾಫಿಕ್ ಕಟ್ಟಿಕೊಂಡಿತ್ತು. ಅಕ್ಕತಂಗಿಯರು ತಬ್ಬಿಕೊಳ್ಳುವುದನ್ನು ನಾನು ಮನಸ್ಸಿನಲ್ಲೇ ಹತ್ತು ಸಲ ನೋಡಿಯಾಗಿತ್ತು. ಇಬ್ಬರಿಗೂ ಸಾಕಾಗುವಷ್ಟು ಟಿಶ್ಯೂ ಕೂಡ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ.

ಅಕ್ಕ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದರು. ಹಿಡಿಯಷ್ಟಿದ್ದರು, ಆದರೆ ಕಣ್ಣು ಚುರುಕು. ತಂಗಿಯನ್ನು ನೋಡಿದ ಕೂಡಲೇ ಗುರುತು ಹಿಡಿದರು. ಕೈ ಸನ್ನೆಯಲ್ಲೇ ಮಂಚದ ಅಂಚು ತೋರಿಸಿ ಕೂರಿಸಿಕೊಂಡರು. ಒಂದು ಕ್ಷಣ ಅವರ ಮುಖದಲ್ಲಿ ಏನೋ ಬೆಳಗಿತು. ತಂಗಿ ಸುಮ್ಮನೆ ನೋಡಿಹೋಗಲು ಬಂದಿದ್ದಾಳೆ ಎಂದು ಅವರು ಅಂದುಕೊಂಡಿರಬೇಕು.

ಆಂಟಿ ತಮ್ಮ ಭಾಷೆಯಲ್ಲಿ ಮಾತಾಡತೊಡಗಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಮಾತು ತಿಳಿಯದಿದ್ದರೂ, ಆಂಟಿ ಬಲಗೈಯ ಎರಡು ಬೆರಳು ಮಡಚಿ ತೋರಿಸಿದಾಗ ಕತೆ ಎಲ್ಲಿಗೆ ಬಂತೆಂದು ಗೊತ್ತಾಯಿತು. ಅಕ್ಕನ ಮುಖದಲ್ಲಿದ್ದ ಬೆಳಕು ಆರಿಹೋಯಿತು. ಅವರು ಅಳಲಿಲ್ಲ. ತಬ್ಬಿಕೊಳ್ಳಲೂ ಇಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು. ಆಂಟಿ ತಲೆ ಎತ್ತದೆ ನನ್ನ ಕಡೆ ಕೈ ತೋರಿಸಿದರು.

ಅಕ್ಕ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು. "ಇದನ್ನ ಇವಳಿಗೆ ಕೇಳಿಸಿದ್ದು ನೀನಾ?"

ಹೌದು ಎಂದೆ. ನಿಮ್ಮ ಮೇಲಿನ ಅಪವಾದ ಹೋಯಿತಲ್ಲ, ಅದಕ್ಕೇ ಕರೆದುಕೊಂಡು ಬಂದೆ ಎಂದೂ ತೊದಲಿದೆ.

"ನನಗೆ ಅಪವಾದ ಹೋಗಬೇಕಾಗಿತ್ತು ಅಂತ ನಿನಗೆ ಯಾರು ಹೇಳಿದರು?" ಎಂದರು. ದನಿ ಸಣ್ಣದು, ಆದರೆ ಒಂದೊಂದು ಶಬ್ದವೂ ಸ್ಪಷ್ಟ. "ಅವತ್ತು ರಾತ್ರಿ ಅಪ್ಪನಿಗೆ ಎಲ್ಲಾ ಹೇಳಿದೆ. ಓಡಿಹೋಗು ಅಂದೆ. ನಾನು ಓಡಿದರೆ ನಿಮ್ಮನ್ನ ಹಿಡೀತಾರೆ ಅಂದರು. ಚಿಕ್ಕವಳಿಗೆ ಯಾವತ್ತೂ ಗೊತ್ತಾಗಬಾರದು ಅಂತ ನನ್ನ ಕೈಯಲ್ಲಿ ಮಾತು ತಗೊಂಡರು. ಊರು ನನ್ನ ಮೇಲೆ ಉಗುಳಿತು, ಅಮ್ಮ ಸಾಯೋ ತನಕ ಒಂದು ಕಾಗದ ಹಾಕಲಿಲ್ಲ. ಇವಳು ನನ್ನ ಮುಖ ನೋಡಲಿಲ್ಲ. ನೋಡದಿದ್ದರೆ ಬೇಡ, ಅಪ್ಪನ್ನ ಕೊಂದದ್ದು ತನ್ನ ಕಾಗದ ಅಂತ ಗೊತ್ತಿಲ್ಲದೆ ಬದುಕಲಿ ಅಂದುಕೊಂಡೆ. ಇನ್ನು ಒಂದೆರಡು ವರ್ಷ ಕಳೆದಿದ್ದರೆ ನಾವಿಬ್ಬರೂ ಹೋಗಿಬಿಡುತ್ತಿದ್ದೆವು. ಅಷ್ಟು ದಿನ ತಡೆಯೋದಕ್ಕೆ ಆಗಲಿಲ್ಲವಾ ನಿನಗೆ?"

ಆಂಟಿ ಮಂಚದ ಅಂಚಿನಿಂದ ಬಗ್ಗಿ ಅಕ್ಕನ ಮಡಿಲಲ್ಲಿ ಮುಖವಿಟ್ಟು ಮಗುವಿನ ಹಾಗೆ ಬಿಕ್ಕುತ್ತಿದ್ದರು. ಅಕ್ಕ ಒಂದು ಕೈಯಿಂದ ತಂಗಿಯ ತಲೆ ಸವರುತ್ತಿದ್ದರು. ಇನ್ನೊಂದು ಕೈಯಿಂದ ನನಗೆ ಬಾಗಿಲು ತೋರಿಸಿದರು.